ಖಿನ್ನತೆಯ ಗುಳಿಗೆ ಬಿಡಬೇಕು ಅನ್ನಿಸಿದೆಯಾ? ಒಂದೇ ದಿನಕ್ಕೆ ಬಿಡಬೇಡಿ, ಇಳಿಸುವ ಕ್ರಮ ಹೀಗಿದೆ

ಬಳ್ಳಾರಿ: “ಗುಣ ಆಗೇತಲ್ಲ, ಇನ್ನ್ಯಾಕ ಗುಳಿಗಿ?” ಖಿನ್ನತೆಗೋ ಆತಂಕಕ್ಕೋ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಹಿರಿಯರು ಹೇಳ್ತಾರೆ, ಮದುವೆ ಮಾತುಕತೆ ನಡೆದಾಗ ನೆಂಟರು ಹೇಳ್ತಾರೆ, ಎಷ್ಟೋ ಸಲ ತಗೊಳ್ಳೋರಿಗೇ ಹಾಗನ್ನಿಸುತ್ತೆ. ಕೇಳೋದ್ರಲ್ಲಿ ತಪ್ಪಿಲ್ಲ. ಈ ಮಾತ್ರೆಗಳನ್ನು ಸಾಕಷ್ಟು ಜನ ಮುಂದೊಂದು ದಿನ ಬಿಡಬಹುದು. ಎಡವಟ್ಟಾಗೋದು ಬಿಡುವ ರೀತಿಯಲ್ಲಿ. ಸ್ಟ್ರಿಪ್ ಖಾಲಿ ಆಯ್ತು, ಮತ್ತೆ ಮೆಡಿಕಲ್ ಶಾಪ್ ಕಡೆ ಹೋಗಲಿಲ್ಲ, ಅಲ್ಲಿಗೆ ಮುಗೀತು ಅಂದುಕೊಳ್ಳೋರೇ ಹೆಚ್ಚು.

ಹಾಗೆ ಬಿಟ್ಟ ಎರಡು-ನಾಲ್ಕು ದಿನಕ್ಕೆ ಕೆಲವರಿಗೆ ತಲೆಸುತ್ತು, ವಾಕರಿಕೆ, ಬೆವರು ಶುರುವಾಗುತ್ತೆ. ನಿದ್ದೆ ಕೆಡುತ್ತೆ, ವಿಚಿತ್ರ ಕನಸು ಬೀಳುತ್ತೆ, ಕಾರಣ ಇಲ್ಲದೆ ಸಿಟ್ಟು, ಅಳು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂಗಾಗುತ್ತೆ ಅನ್ನೋರೂ ಇದ್ದಾರೆ. ಎಲ್ಲರಿಗೂ ಹೀಗಾಗಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆ ಪ್ರಕಟಿಸಿದ ಲೆಕ್ಕದ ಪ್ರಕಾರ, ಮಾತ್ರೆ ಬಿಟ್ಟದ್ದರಿಂದಲೇ ಬರುವ ತೊಂದರೆ ಆರೇಳು ಜನರಲ್ಲಿ ಒಬ್ಬರಿಗೆ. ತೀರಾ ಜೋರಾಗಿ ಬರೋದು ಸುಮಾರು 35 ಜನರಲ್ಲಿ ಒಬ್ಬರಿಗೆ. ಬಹಳ ವರ್ಷ ತಗೊಂಡವರಿಗೆ ಇದಕ್ಕಿಂತ ಹೆಚ್ಚು ಅಂತ ವಾದಿಸುವ ತಜ್ಞರೂ ಇದ್ದಾರೆ.

ಚಟ ಅಲ್ಲ, ಕಾಯಿಲೆ ಮರಳಿತು ಅಂತಲೂ ಅಲ್ಲ

ಇಲ್ಲೇ ಜನ ದಾರಿ ತಪ್ಪೋದು. ಒಬ್ಬರು “ನೋಡು, ಗುಳಿಗೆ ಚಟ ಹತ್ತಿಸಿಬಿಡ್ತು” ಅಂತ ಡಾಕ್ಟರ್ ಹತ್ತಿರ ಹೋಗೋದನ್ನೇ ನಿಲ್ಲಿಸ್ತಾರೆ. ಇನ್ನೊಬ್ಬರು “ಕಾಯಿಲೆ ವಾಪಸ್ ಬಂತು, ಇನ್ನು ಜೀವನಪೂರ್ತಿ ಇದೇ ಗತಿ” ಅಂತ ಕೈಚೆಲ್ಲಿ ಕೂರ್ತಾರೆ. ಎರಡೂ ಅವಸರದ ತೀರ್ಮಾನ. ಚಟ ಅಂದ್ರೆ ಸಾರಾಯಿ ಥರ ಬೇಕೇಬೇಕು ಅನ್ನಿಸಬೇಕು, ದಿನೇದಿನೇ ಪ್ರಮಾಣ ಏರಬೇಕು. ಇಲ್ಲಿ ಆಗೋದು ಅದಲ್ಲ. ಮಾತ್ರೆಗೆ ಹೊಂದಿಕೊಂಡಿದ್ದ ಮಿದುಳು, ಅದು ಇಲ್ಲದೆ ಮತ್ತೆ ಹೊಂದಿಕೊಳ್ಳೋಕೆ ಟೈಮ್ ಕೇಳುತ್ತೆ, ಅಷ್ಟೇ.

ವ್ಯತ್ಯಾಸ ಗುರುತಿಸೋದು ಹೇಗೆ? ಬಿಟ್ಟದ್ದರ ತೊಂದರೆ ಸಾಮಾನ್ಯವಾಗಿ ದಿನಗಳಲ್ಲೇ ಶುರುವಾಗುತ್ತೆ, ತಲೆಸುತ್ತು, ಕರೆಂಟ್ ಹೊಡೆದಂಥ ದೇಹದ ಲಕ್ಷಣಗಳು ಜೊತೆಗಿರುತ್ತವೆ. ವೈದ್ಯರು ಮಾತ್ರೆ ಮತ್ತೆ ಕೊಟ್ಟರೆ ಹೆಚ್ಚಿನವರಿಗೆ ಬೇಗ ಇಳಿಯುತ್ತೆ. ಕಾಯಿಲೆ ಮರಳೋದು ಹಾಗಲ್ಲ. ವಾರಗಳು, ತಿಂಗಳುಗಳು ಕಳೆದ ಮೇಲೆ ಬೇಸರ, ನಿರಾಸಕ್ತಿ ನಿಧಾನಕ್ಕೆ ಆವರಿಸುತ್ತೆ. ಆದರೆ ಕೆಲವರಲ್ಲಿ ಬಿಟ್ಟದ್ದರ ತೊಂದರೆಯೂ ತಿಂಗಳುಗಟ್ಟಲೆ ಎಳೆಯಬಹುದು. ಹಾಗಾಗಿ ಯಾವುದು ಅಂತ ಹೇಳಬೇಕಾದವರು ವೈದ್ಯರೇ.

ಮಾತ್ರೆಯಿಂದ ಮಾತ್ರೆಗೂ ಫರಕು ಇದೆ. ಪ್ಯಾರೋಕ್ಸೆಟಿನ್, ವೆನ್ಲಾಫಾಕ್ಸಿನ್ ದೇಹದಿಂದ ಬೇಗ ಹೊರಹೋಗುತ್ತವೆ, ಕಾಟವೂ ಜಾಸ್ತಿ. ಫ್ಲುಆಕ್ಸೆಟಿನ್ ವಾರಗಟ್ಟಲೆ ಉಳಿಯುತ್ತೆ, ತೊಂದರೆ ಬಂದರೂ ತಡವಾಗಿ ಬರುತ್ತೆ.

ಕಷ್ಟ ಇರೋದು ಕೊನೆಯ ತುಣುಕಿನಲ್ಲಿ

20 ಮಿ.ಗ್ರಾಂ. ಇದ್ದದ್ದನ್ನು 10ಕ್ಕೆ ಇಳಿಸಿದೆವು, ಏನೂ ಆಗಲಿಲ್ಲ, ಇನ್ನರ್ಧವೂ ಬಿಟ್ಟರಾಯ್ತು ಅನ್ನೋದು ಸಾಮಾನ್ಯ ಲೆಕ್ಕ. ಮಿದುಳಿನ ಲೆಕ್ಕ ಬೇರೆ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬ ತಜ್ಞರು 2019ರಲ್ಲಿ ಇದನ್ನು ಅಂಕಿಗಳ ಸಮೇತ ತೋರಿಸಿದರು. ಸಿಟಾಲೋಪ್ರಾಮ್ 20 ಮಿ.ಗ್ರಾಂ. ತಗೊಂಡಾಗ ಅದು ಕೆಲಸ ಮಾಡುವ ಜಾಗಗಳಲ್ಲಿ ಸುಮಾರು ಶೇ 80ರಷ್ಟನ್ನು ಹಿಡಿದಿರುತ್ತೆ. 9 ಮಿ.ಗ್ರಾಂ.ಗೆ ಇಳಿಸಿದರೂ ಶೇ 70ರಷ್ಟು ಹಿಡಿತ ಹಾಗೇ ಇರುತ್ತೆ. ಅಂದ್ರೆ ಮೊದಲರ್ಧ ಇಳಿಸಿದಾಗ ಹೋಗೋದು ಬರೀ ಹತ್ತು ಪಾಲು. ಉಳಿದರ್ಧ ಒಮ್ಮೆಲೇ ಬಿಟ್ಟರೆ ಎಪ್ಪತ್ತು ಪಾಲೂ ಒಂದೇ ಏಟಿಗೆ ಹೋಗುತ್ತೆ. ಅದಕ್ಕೇ ಕೆಳಗೆ ಬಂದಷ್ಟೂ ಹೆಜ್ಜೆ ಸಣ್ಣದಾಗಬೇಕು, ಎರಡು ಹೆಜ್ಜೆ ನಡುವೆ ಎರಡರಿಂದ ನಾಲ್ಕು ವಾರ ಕಾಯಬೇಕು ಅಂತ ಈಗ ಹೇಳ್ತಾರೆ. ಕೆಲವರಿಗೆ ಒಂದೆರಡು ತಿಂಗಳು ಸಾಕು, ವರ್ಷಗಟ್ಟಲೆ ತಗೊಂಡವರಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕಾಗಬಹುದು.

ದಿನ ಬಿಟ್ಟು ದಿನ ತಗೊಳ್ಳೋದು ನಮ್ಮ ಕಡೆ ತುಂಬಾ ಜನ ಮಾಡೋ ಉಪಾಯ. ಬೇಗ ಹೊರಹೋಗುವ ಮಾತ್ರೆಗಳಿಗೆ ಅದು ಸರಿಹೊಂದಲ್ಲ. ರಕ್ತದಲ್ಲಿ ಔಷಧಿ ಒಂದು ದಿನ ಏರಿ ಒಂದು ದಿನ ಇಳಿಯುತ್ತೆ. ದಿನಾ ತಗೊಳ್ಳಿ, ಪ್ರಮಾಣ ಕಡಿಮೆ ಮಾಡಿ. ವೆನ್ಲಾಫಾಕ್ಸಿನ್‌ನಂಥ ನಿಧಾನಕ್ಕೆ ಕರಗುವ ಮಾತ್ರೆಗಳನ್ನು ಮಾತ್ರ ಮನೆಯಲ್ಲಿ ಕುಟ್ಟಿ ಪುಡಿ ಮಾಡೋಕೆ ಹೋಗಬೇಡಿ.

ಇನ್ನೊಂದು ಮಾತು, ಇದನ್ನು ಗಮನವಿಟ್ಟು ಓದಿ. ನಿಮ್ಮ ಸ್ಟ್ರಿಪ್ ತಿರುಗಿಸಿ ನೋಡಿ. ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಅಂತಲೂ ಇದ್ದರೆ, ಅದು ಎರಡು ಔಷಧಿ ಸೇರಿದ ಒಂದೇ ಮಾತ್ರೆ. ಕ್ಲೋನಾಜೆಪಾಮ್‌ಗೆ ದೇಹ ನಿಜಕ್ಕೂ ಅಂಟಿಕೊಳ್ಳುತ್ತೆ. ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ ಇದೆ. ಎರಡನ್ನೂ ಬೇರೆ ಬೇರೆ ಮಾಡಿಸಿ, ಒಂದೊಂದಾಗಿ ಇಳಿಸೋ ದಾರಿಯನ್ನು ವೈದ್ಯರ ಹತ್ತಿರವೇ ಕೇಳಿ.

ಯಾವಾಗ ಬಿಡಬಹುದು?

ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅಂತಾರೆ ವೈದ್ಯರು. ಖಿನ್ನತೆ ಮೇಲಿಂದ ಮೇಲೆ ಬಂದಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಮರಳಿ ಬರುವ ಭಯ ಸುಳ್ಳಲ್ಲ. ಬಹಳ ಕಾಲ ಮಾತ್ರೆ ತಗೊಂಡು ಚೆನ್ನಾಗಿದ್ದವರ ಮೇಲೆ ಇಂಗ್ಲೆಂಡ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟವರ ಪೈಕಿ ಒಂದು ವರ್ಷದೊಳಗೆ ಶೇ 56 ಜನರಿಗೆ ಖಿನ್ನತೆ ಮರಳಿತ್ತು. ಮುಂದುವರಿಸಿದವರಲ್ಲಿ ಶೇ 39. ಬಿಟ್ಟೂ ಆರಾಮಾಗಿದ್ದವರು ಶೇ 44 ಅಂತಲೂ ಇದನ್ನು ಓದಬಹುದು. ಮನೆಯಲ್ಲಿ ಸಾವು, ಸಾಲದ ಒತ್ತಡ, ಪರೀಕ್ಷೆ, ಮದುವೆ ಗದ್ದಲ ಇರುವಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಗರ್ಭಿಣಿ ಅಂತ ಗೊತ್ತಾದ ತಕ್ಷಣ ಗಾಬರಿಯಿಂದ ನಿಲ್ಲಿಸುವವರಿದ್ದಾರೆ. ಮೊದಲು ವೈದ್ಯರನ್ನು ಕೇಳಿ.

ಎಲ್ಲಿ ಹೋಗಬೇಕು?

ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಸಂಡೂರು, ಸಿರುಗುಪ್ಪ ಕಡೆಯವರು ‘ಮನೋಚೈತನ್ಯ’ ಯೋಜನೆಯಡಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ಮಂಗಳವಾರ ಬರ್ತಾರೆ ಅಂತ ಮೊದಲೇ ವಿಚಾರಿಸಿ ಹೋಗಿ. ಹಳೆಯ ಚೀಟಿ, ಖಾಲಿ ಸ್ಟ್ರಿಪ್ ಜೊತೆಗಿರಲಿ. ಇಳಿಸಲು ಶುರು ಮಾಡಿದ ಮೇಲೆ ದಿನಾ ಎಷ್ಟು ತಗೊಂಡಿರಿ, ಹೇಗನ್ನಿಸಿತು ಅಂತ ಕ್ಯಾಲೆಂಡರ್ ಮೇಲೇ ಎರಡು ಪದ ಬರೆದಿಡಿ, ಡಾಕ್ಟರ್‌ಗೆ ಅದೇ ದೊಡ್ಡ ಸಹಾಯ.

ಮಾತ್ರೆ ಇಳಿಸುವಾಗ ಸಾಯಬೇಕು ಅನ್ನೋ ಯೋಚನೆ ಬಂದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಮನೆಯವರಿಗೆ ಹೇಳಿ ಕೂಡಲೇ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.