ಹಕೀಮರ ಹೆಸರು ಹೊತ್ತ ಸರ್ಪಗಂಧ

ಹೃದಯದ ಬಡಿತದಲ್ಲಿ ಬ್ರುಗಾಡಾ ಎಂಬ ದೋಷವೊಂದಿದೆ. ಮಾಮೂಲಿ ಇಸಿಜಿಯಲ್ಲಿ ಅದು ಸಿಕ್ಕಿಬೀಳದೇ ಹೋಗಬಹುದು. ಅನುಮಾನ ಬಂದಾಗ ಯುರೋಪಿನ ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಒಂದು ಔಷಧ ಹರಿಸಿ, ಅಡಗಿದ ದೋಷ ಇಸಿಜಿಯಲ್ಲಿ ಮೂಡುತ್ತದೆಯೇ ಎಂದು ನೋಡುತ್ತಾರೆ. ಆ ಔಷಧ ಅಜ್ಮಲೀನ್. ಅದು ಮೊದಲು ಸಿಕ್ಕಿದ್ದು ನಮ್ಮ ಕಾಡಿನ ಸರ್ಪಗಂಧದ ಬೇರಿನಲ್ಲಿ. ಹೆಸರು ದೆಹಲಿಯ ಹಕೀಮ್ ಅಜ್ಮಲ್ ಖಾನರದು. ದಿನವೂ ಆ ಚುಚ್ಚುಮದ್ದು ಕೊಡುವವರಲ್ಲಿ ಎಷ್ಟು ಮಂದಿಗೆ ಈ ಹಕೀಮರು ಗೊತ್ತು? ಅಲ್ಲಿಯವರ ಮಾತು ಬಿಡಿ, ನಮ್ಮ ಮಕ್ಕಳಿಗೇ ಗೊತ್ತಿಲ್ಲವಲ್ಲ ಎಂಬುದು ನನ್ನ ಸಂಕಟ.

ಅಜ್ಮಲ್ ಖಾನರು ಹುಟ್ಟಿದ್ದು 1868ರಲ್ಲಿ, ತಲೆಮಾರುಗಳಿಂದ ಯುನಾನಿ ವೈದ್ಯ ಮಾಡುತ್ತಿದ್ದ ದೆಹಲಿಯ ಮನೆತನದಲ್ಲಿ. 1910ರ ಹೊತ್ತಿಗೆ ಬೊಂಬಾಯಿ ಸರ್ಕಾರ ವೈದ್ಯರ ನೋಂದಣಿಗೆ ಕಾನೂನು ತರಲು ಹೊರಟಿತು. ಪಾಶ್ಚಾತ್ಯ ಪದ್ಧತಿ ಕಲಿತವರಿಗೆ ಮಾತ್ರ ಮನ್ನಣೆ, ಉಳಿದವರು ಬಾಗಿಲಾಚೆ ಎಂಬಂತಾಗುವ ಭಯ ಹುಟ್ಟಿತು. ಆಗ ಹಕೀಮರು ಯುನಾನಿಯೊಂದನ್ನೇ ಕಾಪಾಡಿಕೊಳ್ಳಲು ಹೋಗಲಿಲ್ಲ. ಆಯುರ್ವೇದದ ಪಂಡಿತರನ್ನೂ ಯುನಾನಿಯ ಹಕೀಮರನ್ನೂ ಒಂದೇ ಸಮ್ಮೇಳನಕ್ಕೆ ಕರೆತಂದರು. ಚರಕ ಸುಶ್ರುತರನ್ನು ಓದಿದವರೂ ಇಬ್ನ್ ಸೀನಾನನ್ನು ಓದಿದವರೂ ಪಕ್ಕಪಕ್ಕ ಕುಳಿತರು. ರಾಜಕೀಯದ ವೇದಿಕೆಗಳಲ್ಲಿ ಹಿಂದೂ ಮುಸ್ಲಿಂ ಐಕ್ಯದ ಭಾಷಣಗಳು ಜೋರಾಗುವುದಕ್ಕೆ ಮೊದಲೇ ಇದು ಮದ್ದಿನ ಪೆಟ್ಟಿಗೆಯ ಸುತ್ತ ನಡೆದಿತ್ತು. ಅದಕ್ಕೇ ನನಗೆ ಇದು ಹೆಚ್ಚು ಗಟ್ಟಿಯಾದ ಮಾತುಕತೆ ಎನಿಸುತ್ತದೆ.

ಅದರ ಫಲವೇ ದೆಹಲಿಯ ಕರೋಲ್ ಬಾಗ್‌ನಲ್ಲಿರುವ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜು. 1916ರಲ್ಲಿ ಅಡಿಗಲ್ಲು ಹಾಕಿದವರು ವೈಸ್‌ರಾಯ್ ಹಾರ್ಡಿಂಜ್. 1921ರ ಫೆಬ್ರುವರಿಯಲ್ಲಿ ಕಾಲೇಜನ್ನು ಉದ್ಘಾಟಿಸಿದವರು ಗಾಂಧೀಜಿ. ಆ ಐದು ವರ್ಷಗಳಲ್ಲಿ ದೇಶ ಎಲ್ಲಿಂದ ಎಲ್ಲಿಗೆ ಬಂದಿತ್ತೆಂಬುದಕ್ಕೆ ಈ ಎರಡು ಹೆಸರುಗಳೇ ಸಾಕು. ಗಾಂಧೀಜಿ ಅಲ್ಲಿ ಬರೀ ಹೊಗಳಿ ಹೋಗಲಿಲ್ಲ. ಆಧುನಿಕ ವಿಜ್ಞಾನಿಗಳ ಸಂಶೋಧನಾ ಮನೋಭಾವಕ್ಕೆ ತಲೆಬಾಗಿ, ನಮ್ಮ ವೈದ್ಯರಲ್ಲೂ ಹಕೀಮರಲ್ಲೂ ಅದು ಕಡಿಮೆಯಾಗಿದೆ ಎಂದು ನೇರವಾಗಿಯೇ ಹೇಳಿದರು. ಅಜ್ಮಲ್ ಖಾನರಿಗೂ ಆ ಕೊರತೆ ಕಾಣುತ್ತಿತ್ತು. ಕಾಲೇಜಿನಲ್ಲಿ ಪ್ರಯೋಗಾಲಯ ಬೇಕು, ಮದ್ದುಗಳನ್ನು ಹೊಸ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕು ಎಂಬುದು ಅವರ ಹಂಬಲ.

ಆ ಕೆಲಸಕ್ಕೆ ಅವರು ನಂಬಿದ್ದು ಬಾರಾಬಂಕಿ ಜಿಲ್ಲೆಯ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ಯುವಕನನ್ನು. ಚಿತ್ರ ಬರೆಯುವ ಹುಚ್ಚಿದ್ದ ಹುಡುಗ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಮುಗಿಸಿದ. ತಿಬ್ಬಿಯಾ ಕಾಲೇಜಿನ ಸಂಶೋಧನಾ ವಿಭಾಗ ಕೆಲಸ ಶುರುಮಾಡಿದ್ದು 1928ರಲ್ಲಿ. ಅಷ್ಟರಲ್ಲಿ, 1927ರ ಡಿಸೆಂಬರಿನಲ್ಲಿ, ಹಕೀಮರು ತೀರಿಕೊಂಡಿದ್ದರು. 1931ರಲ್ಲಿ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಸರ್ಪಗಂಧದ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಹರಳಾಗಿ ಬೇರ್ಪಡಿಸಿದರು. ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್: ಒಂದಲ್ಲ, ಮೂರಕ್ಕೆ ಗುರುವಿನ ಹೆಸರು. ಸರ್ಪೆಂಟೀನ್, ಸರ್ಪೆಂಟಿನೀನ್ ಎಂಬ ಇನ್ನೆರಡಕ್ಕೆ ಮಾತ್ರ ಗಿಡದ ಹೆಸರು.

ಸರ್ಪಗಂಧ ಕಣಗಿಲೆ, ನಿತ್ಯಪುಷ್ಪಗಳ ಕುಟುಂಬಕ್ಕೆ ಸೇರಿದ ಮೊಣಕಾಲೆತ್ತರದ ಗಿಡ. ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು. ಸತ್ವವೆಲ್ಲ ಹೆಚ್ಚಾಗಿ ಬೇರಿನ ತೊಗಟೆಯಲ್ಲಿ. ಹಾವಿನ ಕಡಿತಕ್ಕೂ ನಿದ್ದೆ ಬಾರದವರಿಗೂ ಚಿತ್ತ ಕೆರಳಿದವರಿಗೂ ಇದನ್ನು ಕೊಡುವ ರೂಢಿ ಹಳೆಯದು. ಬಿಹಾರದ ಜನ ಇದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು. ಯುನಾನಿಯವರಿಗೆ ಇದು ಅಸ್ರೋಲ್. ನಮ್ಮ ನೆರೆಯ ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯಾ ದ ಒರ್ತಾನ ಪುಸ್ತಕದಲ್ಲೂ ಹಾವಿನ ವಿಷಕ್ಕೆ ಮದ್ದಾದ ಬೇರುಗಳ ಕಥೆಯಿದೆ. ಅವುಗಳಲ್ಲೊಂದು ಸರ್ಪಗಂಧವೆಂದು ವಿದ್ವಾಂಸರು ಗುರುತಿಸಿದ್ದಾರೆ. ಒರ್ತಾ ಯಹೂದಿ ಮೂಲದವನು, ಕ್ರೈಸ್ತನಾಗಿ ಬದುಕಬೇಕಾದವನು, ಅಹಮದ್‌ನಗರದ ನಿಜಾಮಶಾಹನಿಗೆ ವೈದ್ಯ, ಅರಬ್ ಹಕೀಮರ ಮತ್ತು ಹಿಂದೂ ವೈದ್ಯರ ಮಾತಿಗೆ ಕಿವಿಗೊಟ್ಟವನು. ಇಡೀ ಪುಸ್ತಕವೇ ಸಂವಾದ ರೂಪದಲ್ಲಿದೆ. ಅವನು ಸತ್ತು ಹನ್ನೆರಡು ವರ್ಷಗಳ ಮೇಲೆ, 1580ರಲ್ಲಿ, ಗೋವೆಯ ಇನ್‌ಕ್ವಿಸಿಷನ್ ಎಂಬ ಚರ್ಚಿನ ನ್ಯಾಯಮಂಡಳಿ ಅವನ ಎಲುಬುಗಳನ್ನು ಅಗೆದು ತೆಗೆಸಿ ಸುಡಿಸಿತು. ಅಷ್ಟೆಲ್ಲಾ ಧರ್ಮಗಳ ಜನರಿಂದ ಕಲಿತವನಿಗೆ ಸಂದ ಈ ಗತಿಯನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಮತ್ತೆ 1931ಕ್ಕೆ ಬರೋಣ. ಅದೇ ವರ್ಷ ಕಲ್ಕತ್ತಾದಲ್ಲಿ ಕವಿರಾಜ ಗಣನಾಥ ಸೇನ್ ಮತ್ತು ಡಾಕ್ಟರ್ ಕಾರ್ತಿಕಚಂದ್ರ ಬೋಸ್, ಸರ್ಪಗಂಧವು ಚಿತ್ತಭ್ರಮೆಗೂ ಏರಿದ ರಕ್ತದೊತ್ತಡಕ್ಕೂ ಮದ್ದು ಎಂದು ಲೇಖನ ಬರೆದರು. ದೆಹಲಿಯಲ್ಲಿ ಹರಳು ಸಿಕ್ಕಿತ್ತು, ಕಲ್ಕತ್ತಾದಲ್ಲಿ ರೋಗಿಗಳು ಶಾಂತರಾಗುತ್ತಿದ್ದರು. ಆದರೆ ಎರಡೂ ಕೂಡಲಿಲ್ಲ. ರೋಗಿಯನ್ನು ತಣಿಸುವ ಗುಣ ಅಜ್ಮಲೀನ್‌ನಲ್ಲಿ ಇರಲಿಲ್ಲ. ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಬೇರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಹರಳುಗಳನ್ನು ತೆಗೆದಾದ ಮೇಲೆ ಉಳಿಯುವ ಅಂಟು ರಾಳದಲ್ಲೇ ನಿದ್ದೆ ತರುವ ಶಕ್ತಿ ಇದೆ ಎಂಬುದು 1940ರ ದಶಕದ ಹೊತ್ತಿಗೆ ಅಲ್ಲಿ ಸ್ಪಷ್ಟವಾಯಿತು. ನಮ್ಮವರು ಬಾಗಿಲವರೆಗೆ ಬಂದು ನಿಂತಿದ್ದರು. ಯುದ್ಧ, ಬರ, ದೇಶ ವಿಭಜನೆ, ಹಣವಿಲ್ಲದ ಪ್ರಯೋಗಾಲಯಗಳು. ಮುಂದಿನ ಹೆಜ್ಜೆ ಇಡಲಾಗಲಿಲ್ಲ.

ಅಲ್ಲಿಂದ ಮುಂದಿನದು ಎಲ್ಲ ಪುಸ್ತಕಗಳಲ್ಲೂ ಇದೆ. 1949ರಲ್ಲಿ ಮುಂಬಯಿಯ ಪಾರ್ಸಿ ವೈದ್ಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ 50 ರೋಗಿಗಳ ಮೇಲಿನ ಫಲಿತಾಂಶವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದೇ ರಾಳದಿಂದ ರೆಸರ್ಪೀನ್ ಹೊರತೆಗೆದರು. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ಸರ್ಪಗಂಧವನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಕಂಡದ್ದನ್ನು ಬರೆದರು. 1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಕ್ಲೈನ್ ಇದ್ದರು, ವಕೀಲರೂ ಇದ್ದರು. ಸಿದ್ದಿಕಿ, ಸೇನ್, ಬೋಸ್, ಚೋಪ್ರಾ ಇರಲಿಲ್ಲ.

ಆದರೆ ಮನೋವೈದ್ಯಶಾಸ್ತ್ರವನ್ನು ಈ ಬೇರು ನಿಜವಾಗಿ ಅಲುಗಾಡಿಸಿದ್ದು ಮದ್ದಾಗಿ ಅಲ್ಲ. ರಕ್ತದೊತ್ತಡಕ್ಕೆಂದು ರೆಸರ್ಪೀನ್ ನುಂಗುತ್ತಿದ್ದ ಕೆಲವರು ಮಂಕಾದರು, ಮಾತು ಬಿಟ್ಟರು, ಬದುಕೇ ಬೇಡ ಎನ್ನತೊಡಗಿದರು. ಇದು ಮನಸ್ಸಿನ ಕಾಯಿಲೆಯೋ, ಮಾತ್ರೆ ತಂದಿಟ್ಟ ಸ್ಥಿತಿಯೋ? ಈ ಔಷಧ ಮೆದುಳಿನಲ್ಲಿರುವ ಸೆರೊಟೋನಿನ್ ಎಂಬ ರಸದ ದಾಸ್ತಾನನ್ನು ಖಾಲಿ ಮಾಡುತ್ತದೆ ಎಂಬುದು 1955ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ರೆಸರ್ಪೀನ್ ಕೊಟ್ಟು ಜಡವಾದ ಮೊಲಗಳಿಗೆ ಎಲ್-ಡೋಪಾ ಎಂಬ ರಾಸಾಯನಿಕ ಕೊಟ್ಟು ಮತ್ತೆ ಚುರುಕುಗೊಳಿಸಿದರು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೆರೆದ ಆ ಕೆಲಸಕ್ಕೆ 2000ದಲ್ಲಿ ನೊಬೆಲ್ ಬಂತು. ಖಿನ್ನತೆ ಎಂದರೆ ಮೆದುಳಿನ ರಸಗಳ ಕೊರತೆ ಎಂಬ ವಾದಕ್ಕೂ ರೆಸರ್ಪೀನೇ ದೊಡ್ಡ ಸಾಕ್ಷಿಯಾಯಿತು. ಸಾಕ್ಷಿ ಅಷ್ಟು ಗಟ್ಟಿಯಾಗಿರಲಿಲ್ಲ. 1955ರಲ್ಲೇ ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಫರ್ಡ್ ನಡೆಸಿದ ಪ್ರಯೋಗದಲ್ಲಿ ಆತಂಕ, ಖಿನ್ನತೆ ಇದ್ದವರಿಗೆ ಇದೇ ಔಷಧದಿಂದ ಗುಣ ಕಂಡಿತ್ತು. ಆ ಫಲಿತಾಂಶ ಬಹುಕಾಲ ಮೂಲೆಗೆ ಬಿದ್ದಿತ್ತು. ಹಳೆಯ ಪ್ರಕರಣಗಳನ್ನು ಮತ್ತೆ ಕೆದಕಿದವರು ಈ ನಂಟನ್ನೇ ಪ್ರಶ್ನಿಸಿದ್ದಾರೆ. ಒಂದು ಮಾತು ಮಾತ್ರ ಉಳಿದಿದೆ: ಖಿನ್ನತೆ ಎಂದು ಹೆಸರಿಡುವ ಮೊದಲು ರೋಗಿ ಯಾವ ಮಾತ್ರೆ ನುಂಗುತ್ತಿದ್ದಾನೆ ಎಂದು ವೈದ್ಯರು ಕೇಳಲೇಬೇಕು.

ಸಿದ್ದಿಕಿ 1951ರಲ್ಲಿ ಪಾಕಿಸ್ತಾನಕ್ಕೆ ಹೋದರು. ಅಲ್ಲಿನ ವೈಜ್ಞಾನಿಕ ಸಂಶೋಧನಾ ಮಂಡಳಿಯನ್ನು ಕಟ್ಟಿದರು, 1961ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1994ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ದೆಹಲಿಯಲ್ಲಿ ಅವರು ಮಾಡಿದ ಕೆಲಸವನ್ನು ನಾವು ಗಡಿಯಾಚೆಗೆ ಬರೆದುಕೊಟ್ಟಂತೆ ಮರೆತುಬಿಟ್ಟೆವು. ಇದು ದೊಡ್ಡ ಅನ್ಯಾಯ. ಆ ಹರಳು ಮೂಡಿದ್ದು ಗಾಂಧೀಜಿ ಬಾಗಿಲು ತೆರೆದ ಕಟ್ಟಡದಲ್ಲಿ, ಪಂಡಿತರೂ ಹಕೀಮರೂ ಒಂದೇ ಸೂರಿನಡಿ ಪಾಠ ಹೇಳುತ್ತಿದ್ದಲ್ಲಿ.

ಗಿಡದ ಸ್ಥಿತಿಯೂ ಚೆನ್ನಾಗಿಲ್ಲ. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು, ಬೇರು ಬಲಿಯಲು ವರ್ಷಗಳು ಬೇಕು. ರೆಸರ್ಪೀನ್‌ಗೆ ಬೇಡಿಕೆ ಏರಿದ್ದೇ ಕಾಡುಗಳಿಂದ ಮೂಟೆಗಟ್ಟಲೆ ಬೇರು ಹೊರಬಿತ್ತು. ಕೊನೆಗೆ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಅದನ್ನು ಹುಡುಕಿಕೊಂಡು ಹೋಗಬೇಕು. ಅಂಗಡಿಯ ಬೇರಿನಲ್ಲಿ ಅದೇ ಕುಲದ ಬೇರೆ ಗಿಡಗಳ ಬೇರು ಬೆರೆತು ಬರುತ್ತದೆ.

ಮನಸ್ಸಿನ ಕಾಯಿಲೆಗಳ ದೊಡ್ಡ ಸಂಸ್ಥೆಯಾದ ನಿಮ್ಹಾನ್ಸ್ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇರುವುದೂ ಅದೇ ಊರಿನ ಕೊಟ್ಟಿಗೆಪಾಳ್ಯದಲ್ಲಿ. ಆಯುರ್ವೇದ ಕಾಲೇಜುಗಳಿವೆ, ಸಸ್ಯವಿಜ್ಞಾನಿಗಳಿದ್ದಾರೆ. ಅಜ್ಮಲ್ ಖಾನರು ಪಂಡಿತರನ್ನು ಹುಡುಕಿಕೊಂಡು ಹೋದಂತೆ ಇವರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಲಿ. ಸರ್ಪಗಂಧವನ್ನು ಕಾಡಿನಿಂದ ಕೀಳದೆ ಹೊಲದಲ್ಲಿ ಬೆಳೆಸುವ ಕೆಲಸಕ್ಕೆ ಸರ್ಕಾರ ರೈತರ ಬೆನ್ನಿಗೆ ನಿಲ್ಲಲಿ. ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ರೆಸರ್ಪೀನ್ ಎಂದು ಬರೆಯುವ ಪುಟದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಹಕೀಮ್ ಅಜ್ಮಲ್ ಖಾನರ ಹೆಸರನ್ನೂ ಬರೆಯಿರಿ.