ಲಾಯದಲ್ಲಿ ನಿಂತ ಕುದುರೆ

ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ ಕುದುರೆ ಸಾಕಿದ ನಾಡು ನಮ್ಮದು. ಆದರೂ ಕಾಲು ನೊಂದು ಲಾಯದಲ್ಲಿ ನಿಂತ ಕುದುರೆಗೆ ಕನಿಕರದಿಂದ ಎಂದಿನಂತೆಯೇ ಹುರುಳಿ ಬೇಯಿಸಿಡುವವರುಂಟು. ದುಡಿಮೆಯಿಲ್ಲದ ಮೈಗೆ ಆ ಕನಿಕರವೇ ಕೇಡು: ಬೊಜ್ಜು ಬೆಳೆದು ಗೊರಸಿನೊಳಗೆ ಉರಿಯೂತ ಹುಟ್ಟಬಹುದು. ಹಾಗೆಂದು ಮೇವನ್ನೇ ಕಸಿಯಲಾಗದು. ಕುದುರೆಯ ಜಠರದಲ್ಲಿ ಆಮ್ಲವು ಸದಾ ಒಸರುತ್ತಿರುವುದರಿಂದ ಬರಿಹೊಟ್ಟೆಯಲ್ಲಿ ಹುಣ್ಣಾಗುವ ಭಯವುಂಟು. ಮೇಲಾಗಿ, ದಿನದ ಬಹುಭಾಗವನ್ನು ಮೇಯುತ್ತ ಕಳೆಯುವ ಪ್ರಾಣಿಗೆ ಬಾಯಿಗೆ ಕೆಲಸ ತಪ್ಪಿದರೆ ಬೇಸರ ಕವಿದು, ಮರ ಕಚ್ಚುವ, ತಲೆ ತೂಗಾಡಿಸುವ ಚಾಳಿಗಳು ಮೊದಲಾಗುತ್ತವೆ. ಆದುದರಿಂದ ತಗ್ಗಿಸತಕ್ಕದ್ದು ಕಾಳನ್ನು, ತಿನ್ನುವ ಹೊತ್ತನ್ನಲ್ಲ. 400 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 7 ಕಿಲೋ ಒಣಹುಲ್ಲನ್ನು ಸಣ್ಣಕಣ್ಣಿನ ಬಲೆಯಲ್ಲಿಟ್ಟು ನಾಲ್ಕೈದು ಬಾರಿ ಕೊಡಿ. ನಿತ್ಯವೂ ಮೈ ಉಜ್ಜಿ, ನೆರೆಯ ಕುದುರೆ ಕಾಣುವಂತೆ ನಿಲ್ಲಿಸಿ. ಮತ್ತೆ ದುಡಿಯತೊಡಗಿದ ಮೇಲೆ ಹುರುಳಿಯನ್ನು ಕ್ರಮಕ್ರಮವಾಗಿ ಹೆಚ್ಚಿಸಬಹುದು.