ಫೋನಿನಲ್ಲೂ ಚೌಕಾಸಿ!

ಸೋದರಿಯರೇ, ಚಿತ್ರದುರ್ಗದ ಸಂತೆಪೇಟೆಯಲ್ಲಿ ಐದು ರೂಪಾಯಿಯನ್ನಾದರೂ ಇಳಿಸದೆ ಬಾರದ ನೀವು, ಫೋನಿನಲ್ಲಿ ಮಿಕ್ಸಿ ಕೊಳ್ಳುವಾಗ ಕಂಡ ಬೆಲೆಯನ್ನೇ ಕೊಟ್ಟುಬಿಡುವುದೇಕೆ? ಅಲ್ಲೂ ದಾರಿಯುಂಟು ಕಣ್ರೀ.

ಮಿಕ್ಸಿಗೆ 3,000 ರೂ. ಎನ್ನಿ. ಅಂಗಡಿಯ ಕೂಪನ್ನಿನಿಂದ ಶೇ. 10 ಇಳಿದರೆ 2,700. ಶೇ. 5 ಹಿಂದಿರುಗಿಸುವ ಕಾರ್ಡಿನಲ್ಲಿ ಕೊಟ್ಟರೆ 135 ವಾಪಸು. ಕ್ಯಾಶ್‌ಬ್ಯಾಕ್ ತಾಣಗಳು ಅಂತ ಇವೆ. ಅವುಗಳ ಮೂಲಕ ಅಂಗಡಿಗೆ ಹೋದರೆ ಅವರದೂ ಒಂದು ಪಾಲು, ಶೇ. 2 ಎಂದರೂ 54. ಒಟ್ಟು 489 ರೂ. ಉಳಿತಾಯ!

ಆದರೆ ಕ್ರಮ ತಪ್ಪಬಾರದು. ಮೊದಲು ತಾಣ, ಅಲ್ಲಿಂದ ಅಂಗಡಿ, ಆಮೇಲೆ ಕೂಪನ್, ಕಡೆಗೆ ಕಾರ್ಡು. ಬೇರೆಲ್ಲೋ ಸಿಕ್ಕ ಕೂಪನ್ ಹಾಕಿದಿರೋ, ತಾಣದವರ ಪಾಲು ಸಾಮಾನ್ಯವಾಗಿ ಕೈತಪ್ಪುತ್ತದೆ. ಅದು ಬರುವುದೂ ವಸ್ತು ಹಿಂದಿರುಗಿಸುವ ಗಡುವು ಕಳೆದ ಮೇಲೆಯೇ. "ಗರಿಷ್ಠ 100 ರೂ." ಎಂಬ ಸಣ್ಣ ಅಕ್ಷರ ಕಂಡರೆ 135ರ ಆಸೆ ಬಿಡಿ.

ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರಂತೂ ತಿಂಗಳಿಗೆ ಶೇ. 3 ಬಡ್ಡಿಯೆಂದರೂ ಎರಡು ತಿಂಗಳಿಗೆ 162 ರೂ. ಬಂದ 135 ಎಲ್ಲಿ ಹೋಯಿತು?

ಇನ್ನೊಂದು ಮಾತು. "ಕ್ಯಾಶ್‌ಬ್ಯಾಕ್ ಬಂದಿದೆ, ಪಿನ್ ಒತ್ತಿ" ಅಂತ ಯಾರಾದರೂ ಫೋನ್ ಮಾಡಿದರೆ ಒತ್ತಲೇಬೇಡಿ. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ಒತ್ತಿ ಹಣ ಹೋಗಿದ್ದರೆ, ಮನೆಯವರು ಬೈದಾರೆಂದು ಮುಚ್ಚಿಡದೆ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.